ತೆಗೆದ ಮಣ್ಣಿನ ಋಣ

ಪ್ರತಿಯೊಂದು ಕಾಯಕಕ್ಕೂ ಫಲವೊಂದುಂಟು, ಶೇಷವೊಂದುಂಟು. ಭತ್ತವನ್ನು ಕುಟ್ಟಿದರೆ ಹೊಟ್ಟು ಉಳಿಯುತ್ತದೆ. ನೂಲಿಗೆ ಬಣ್ಣವಿಕ್ಕಿದರೆ ಬಣ್ಣದ ನೀರು ಉಳಿಯುತ್ತದೆ. ತೊಗಲನ್ನು ಹದಮಾಡಿದರೆ ಸುಣ್ಣದ ನೀರೂ ಕೊಳೆಯೂ ಉಳಿಯುತ್ತವೆ. ಫಲಕ್ಕೆ ಒಡೆಯರು ತಾವಾಗಿಯೇ ಮುಂದೆ ಬರುತ್ತಾರೆ, ಕರೆಯುವ ಅಗತ್ಯವಿಲ್ಲ. ಶೇಷಕ್ಕೆ ಒಡೆಯರಾರು? ಕಾಯಕವು ಶುದ್ಧವಾಗಿರಬೇಕು, ಅದರಿಂದ ಬಂದುದು ದಾಸೋಹಕ್ಕೆ ಸಲ್ಲಬೇಕು ಎಂಬ ಎರಡು ಮಾತುಗಳನ್ನು ಶರಣಮಾರ್ಗದಲ್ಲಿ ನಡೆವ ಗೃಹಸ್ಥರೆಲ್ಲರೂ ಬಲ್ಲರು. ಈ ಎರಡರ ನಡುವೆ ಮೂರನೆಯ ಪ್ರಶ್ನೆಯೊಂದು ಅಡಗಿಕೊಂಡಿದೆ. ಕಾಯಕ ಮುಗಿದ ತರುವಾಯ ನೆಲದ ಮೇಲೆ ಉಳಿದುದನ್ನು ಯಾರ ಲೆಕ್ಕದಲ್ಲಿ ಬರೆಯತಕ್ಕದ್ದು?

ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಗಣಿಗಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು. ಮಿಕ್ಕ ಕಾಯಕಗಳಲ್ಲಿ ಶೇಷವು ಫಲಕ್ಕಿಂತ ಕಡಿಮೆ. ಗಣಿಯಲ್ಲಾದರೋ ಅದು ಸಾಮಾನ್ಯವಾಗಿ ತಲೆಕೆಳಗು. ಚಿನ್ನದ ಗಣಿಯಲ್ಲಿ ಒಂದು ಟನ್ ಕಲ್ಲನ್ನು ಒಡೆದು ಹುಡಿಮಾಡಿದರೆ ಕೈಗೆ ಹತ್ತುವುದು ಕೆಲವೇ ಗ್ರಾಂ ಚಿನ್ನ. ಕಬ್ಬಿಣದ ಅದಿರು ಅಷ್ಟು ಕೃಪಣವಲ್ಲ; ಆದರೂ ಅದರ ಮೇಲೆ ಹೊದ್ದುಕೊಂಡಿರುವ ಮಣ್ಣು, ಮೊರಂಬು, ಸತ್ತ್ವವಿಲ್ಲದ ಕಲ್ಲುಗಳನ್ನು ತೆಗೆದಲ್ಲದೆ ಅದಿರು ಕಾಣದು. ಹಾಗೆ ತೆಗೆದುದನ್ನು ಎಲ್ಲಿಯಾದರೂ ಸುರಿಯಲೇಬೇಕಷ್ಟೆ. ಸುರಿದಲ್ಲಿ ಅದು ಗುಡ್ಡೆಯಾಗುತ್ತದೆ, ಗುಡ್ಡೆ ಬೆಳೆದು ಗುಡ್ಡವಾಗುತ್ತದೆ.

ಗುಡ್ಡವೆಂದ ಮಾತ್ರಕ್ಕೆ ಅದು ಗುಡ್ಡವಲ್ಲ. ದೇವರು ಕೊಟ್ಟ ಬೆಟ್ಟಕ್ಕೂ ಮನುಷ್ಯನು ಸುರಿದ ಗುಡ್ಡೆಗೂ ಇರುವ ಅಂತರವನ್ನು ತಿಳಿಯದೆ ಮುಂದಿನ ವಿಚಾರವು ಅರ್ಥವಾಗುವಂತಿಲ್ಲ. ಬೆಟ್ಟದ ಮೈಮೇಲಣ ಮಣ್ಣು ಮಳೆ, ಬಿಸಿಲು, ಬೇರು, ಎರೆಹುಳು, ಉದುರಿದ ಎಲೆ ಇವೆಲ್ಲವುಗಳ ದೀರ್ಘಕಾಲದ ಕಾಯಕದಿಂದ ಆದುದು. ಒಂದು ಅಂಗುಲ ಮೇಲ್ಮಣ್ಣಾಗಲು ನೂರಾರು ವರ್ಷಗಳು ಬೇಕು. ಅದರ ಕಣಗಳನ್ನು ಬೇರುಗಳು ಹೆಣೆದಿರುತ್ತವೆ, ಕೊಳೆತ ಎಲೆಯ ಅಂಟು ಕೂಡಿಸಿರುತ್ತದೆ. ಬಿದ್ದ ಮಳೆಯನ್ನು ಅದು ಕುಡಿಯುತ್ತದೆ. ಗುಡ್ಡೆಯಲ್ಲಿಯೋ ಮೇಲಿದ್ದುದು ಕೆಳಗೆ, ಕೆಳಗಿದ್ದುದು ಮೇಲೆ. ಸಾವಿರಾರು ವರ್ಷ ಬೆಳಕು ಕಾಣದ ಸಪ್ಪೆಮಣ್ಣು ಮೇಲೆ ಬಂದು, ಅನ್ನಕೊಡುವ ಮೇಲ್ಮಣ್ಣು ಎಲ್ಲಿಯೋ ಅಡಿಯಲ್ಲಿ ಹೂತುಹೋಗಿರುತ್ತದೆ. ಲಾರಿಯಿಂದ ಸುರಿದ ಮಣ್ಣು ತನ್ನಷ್ಟಕ್ಕೆ ತಾನು ನಿಲ್ಲಬಲ್ಲ ಕಡಿದಾದ ಇಳಿಜಾರಿನಲ್ಲಿ ನಿಲ್ಲುತ್ತದೆ. ಅದಕ್ಕಿಂತ ಒಂದು ಹಿಡಿ ಹೆಚ್ಚಾದರೂ ಜಾರುತ್ತದೆ. ಅಂದರೆ ಅದು ನಿಂತಿರುವುದು ಬೀಳುವುದರ ಅಂಚಿನಲ್ಲಿ.

ಮಳೆ ಬಂದಾಗ ಏನಾಗುತ್ತದೆ? ಮೊದಲನೆಯ ಹನಿಗಳು ಬರಿಮಣ್ಣಿಗೆ ಬಡಿದು ಸಣ್ಣ ಕಣಗಳನ್ನು ಎಬ್ಬಿಸುತ್ತವೆ. ಆ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚಿ ಮೇಲೊಂದು ಪದರವನ್ನು ಕಟ್ಟುತ್ತವೆ. ನೀರು ಇಂಗದೆ ಹರಿಯತೊಡಗುತ್ತದೆ. ಹರಿವ ನೀರು ಬೆರಳಗಲದ ಗೀರುಗಳನ್ನು ಕೊರೆಯುತ್ತದೆ. ಗೀರುಗಳು ಕೂಡಿ ಕೊರಕಲಾಗುತ್ತವೆ. ಕೊರಕಲು ಮರುವರ್ಷ ಆಳೆತ್ತರದ ಕಂದರ. ದಪ್ಪಕಲ್ಲು ಬುಡದಲ್ಲಿಯೇ ಉಳಿಯುತ್ತದೆ. ನುಣ್ಣನೆಯ ಮಣ್ಣು ಹಳ್ಳವನ್ನು ಸೇರಿ, ಹಳ್ಳದಿಂದ ಹೊಲಕ್ಕೆ, ಹೊಲದಿಂದ ಕೆರೆಗೆ ನಡೆಯುತ್ತದೆ. ಗಣಿಯವನ ಗಡಿಕಲ್ಲು ಅದಕ್ಕೆ ಗೊತ್ತಿಲ್ಲ. ಹೊಲದ ಮೇಲೆ ಒಂದು ಗೇಣು ಕೆಂಪು ಹುಡಿ ಕುಳಿತರೆ ಆ ಹೊಲದವನು ತಾನು ತೋಡದ ಗಣಿಯ ಫಲವನ್ನು ಉಣ್ಣತೊಡಗುತ್ತಾನೆ. ಕರ್ಮವನ್ನು ಮಾಡಿದವನು ಒಬ್ಬ, ಅನುಭವಿಸುವವನು ಇನ್ನೊಬ್ಬ ಎಂಬ ಸ್ಥಿತಿ ಶಾಸ್ತ್ರದಲ್ಲಿ ಅಸಂಗತವೆನಿಸಿದರೂ ಗುಡ್ಡೆಯ ಬುಡದಲ್ಲಿ ಅದು ನಿತ್ಯದ ವ್ಯವಹಾರ.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಪಾಪವೆಂಬುದು ಸಂಕಲ್ಪದಲ್ಲಿರುತ್ತದೆ, ಗಣಿಯವನಿಗೆ ಕೆಳಗಿನ ರೈತನನ್ನು ಕೆಡಿಸಬೇಕೆಂಬ ಸಂಕಲ್ಪವೇನೂ ಇಲ್ಲ, ಮಳೆ ಬಂದಿತು, ಮಣ್ಣು ಹರಿಯಿತು, ಇದರಲ್ಲಿ ದೋಷವೆಲ್ಲಿ? ಈ ಮಾತು ಕೇಳುವುದಕ್ಕೆ ಯುಕ್ತವಾಗಿಯೇ ತೋರುತ್ತದೆ. ಇದರ ತೂಕವನ್ನು ಅರಿಯಬೇಕಾದರೆ ದೂರದ ವೇಲ್ಸ್ ದೇಶದಲ್ಲಿ 1966ರಲ್ಲಿ ನಡೆದುದನ್ನು ವಿವರವಾಗಿ ತಿಳಿಯಬೇಕು.

ಅಬರ್‌ಫಾನ್ ಎಂಬುದು ಅಲ್ಲಿನ ಕಲ್ಲಿದ್ದಲ ಸೀಮೆಯ ಒಂದು ಹಳ್ಳಿ. ಹಳ್ಳಿಯ ಮೇಲಣ ಬೆಟ್ಟದ ಇಳುಕಲಿನಲ್ಲಿ ಗಣಿಯ ತ್ಯಾಜ್ಯವನ್ನು ಹಲವು ದಶಕಗಳಿಂದ ಸುರಿಯುತ್ತಿದ್ದರು. ಏಳನೆಯ ಗುಡ್ಡೆಯನ್ನು 1958ರಲ್ಲಿ ಆರಂಭಿಸಿದರು. ಅದರ ಅಡಿಯಲ್ಲಿ ಒರತೆಗಳಿದ್ದವು. ಅವು ನಕ್ಷೆಯಲ್ಲಿಯೂ ಕಾಣಿಸಿದ್ದವು. ಒಡೆದ ಕಲ್ಲಿನ ಜೊತೆಗೆ ಕಲ್ಲಿದ್ದಲನ್ನು ತೊಳೆದುಳಿದ ನುಣ್ಣನೆಯ ಹುಡಿಯನ್ನೂ ಅಲ್ಲಿಯೇ ಸುರಿದರು. ಮುನ್ನೆಚ್ಚರಿಕೆಗೆ ಕೊರತೆಯಿರಲಿಲ್ಲ. ಅದೇ ಬೆಟ್ಟದ ನಾಲ್ಕನೆಯ ಗುಡ್ಡೆ 1944ರಲ್ಲಿ ಜಾರಿತ್ತು. ಏಳನೆಯದು ತಾನೇ 1963ರಲ್ಲಿ ಒಮ್ಮೆ ಜಾರಿತ್ತು. ಶಾಲೆಯ ಹಿಂದೆ ಸುರಿಯುವ ಈ ಕೆಸರಿನಿಂದ ಅಪಾಯವಿದೆಯೆಂದು ಪುರಸಭೆಯ ಕಡೆಯಿಂದ ಪತ್ರವೂ ಹೋಗಿತ್ತು. ಗುಡ್ಡೆ ಮಾತ್ರ ಬೆಳೆಯುತ್ತಲೇ ಹೋಗಿ 34 ಮೀಟರ್ ಎತ್ತರವಾಯಿತು.

1966ರ ಅಕ್ಟೋಬರ್ 21ನೆಯ ಶುಕ್ರವಾರ, ವಾರಗಟ್ಟಲೆ ಸುರಿದ ಮಳೆಯ ನಂತರ, ಬೆಳಗ್ಗೆ ಒಂಬತ್ತುಕಾಲು ಗಂಟೆಯ ಹೊತ್ತಿಗೆ ಆ ಗುಡ್ಡೆ ನೀರಿನಂತೆ ಹರಿದು ಬಂದಿತು. ಪ್ರಾಥಮಿಕ ಶಾಲೆಯ ಮಕ್ಕಳು ಆಗತಾನೆ ತರಗತಿಗಳಲ್ಲಿ ಕುಳಿತಿದ್ದರು. ಮಧ್ಯಾವಧಿಯ ರಜೆಗೆ ಮುಂಚಿನ ಕಡೆಯ ದಿನ ಅದು. ಒಟ್ಟು 144 ಮಂದಿ ಸತ್ತರು. ಅವರಲ್ಲಿ 116 ಮಂದಿ ಮಕ್ಕಳು. ಗಣಿಯ ಕೆಲಸಗಾರರೇ ಗಣಿಯಿಂದ ಮೇಲಕ್ಕೆ ಬಂದು, ತಾವು ಕೆಳಗಿನಿಂದ ತೆಗೆದು ಕಳುಹಿಸಿದ್ದ ಮಣ್ಣಿನಡಿಯಿಂದ ತಮ್ಮ ಮಕ್ಕಳನ್ನು ತೋಡಿ ತೆಗೆಯಬೇಕಾಯಿತು.

ವಿಚಾರಣಾ ನ್ಯಾಯಮಂಡಳಿ 76 ದಿನ ಸಭೆ ಸೇರಿ, 1967ರಲ್ಲಿ ವರದಿಯನ್ನು ಕೊಟ್ಟಿತು. ಹೊಣೆ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯದೆಂದು ಅದು ಸ್ಪಷ್ಟವಾಗಿ ಹೇಳಿತು. ಗಮನಿಸಬೇಕಾದುದು ಇನ್ನೊಂದುಂಟು. ಇದು ಯಾರ ದುಷ್ಟತನದಿಂದಲೂ ಆದುದಲ್ಲ, ಅಜ್ಞಾನದಿಂದ, ಅಸಾಮರ್ಥ್ಯದಿಂದ, ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟದೆ ಹೋದುದರಿಂದ ಆಯಿತೆಂಬುದು ಆ ಮಂಡಳಿಯ ಅಭಿಪ್ರಾಯ. ಗಣಿಗಳ ಒಳಗನ್ನು ಕುರಿತು ನಿಯಮಗಳು ಹೇರಳವಾಗಿದ್ದವು. ಹೊರಗೆ ಸುರಿದ ಗುಡ್ಡೆಯನ್ನು ಪರೀಕ್ಷಿಸುವ ಪದ್ಧತಿಯೇ ಇರಲಿಲ್ಲ. ಫಲ ಬರುವ ಕಡೆಗೆ ನೂರು ಕಣ್ಣು, ಶೇಷ ಬೀಳುವ ಕಡೆಗೆ ಒಂದೂ ಇಲ್ಲ. ಅದಕ್ಕೆಂದೇ ಬ್ರಿಟನ್ನಿನಲ್ಲಿ 1969ರಲ್ಲಿ ಪ್ರತ್ಯೇಕ ಕಾಯಿದೆಯಾಯಿತು.

ಈಗ ಪೂರ್ವಪಕ್ಷಕ್ಕೆ ಉತ್ತರ ಸುಲಭ. ಅಲ್ಲಿ ಯಾರಿಗೂ ದುಷ್ಟಸಂಕಲ್ಪವಿರಲಿಲ್ಲ, ಆದರೂ ದೋಷವಿತ್ತು. ತಿಳಿಯಲಾಗದುದನ್ನು ತಿಳಿಯದವನು ನಿರ್ದೋಷಿ. ತಿಳಿಯಬಹುದಾದುದನ್ನು, ನಕ್ಷೆಯಲ್ಲಿ ಬರೆದಿಟ್ಟುದನ್ನು, ನೆರೆಯವನು ಕೂಗಿ ಹೇಳಿದುದನ್ನು ತಿಳಿಯದವನ ಅಜ್ಞಾನವು ಅವನೇ ಆರಿಸಿಕೊಂಡ ಅಜ್ಞಾನ. ಕಣ್ಣು ಮುಚ್ಚಿಕೊಂಡು ನಡೆದು ಮಗುವನ್ನು ತುಳಿದವನು ನನಗೆ ಕಾಣಲಿಲ್ಲವೆಂದರೆ ಆ ಮಾತು ಸತ್ಯವೇ. ಸಮಾಧಾನ ಮಾತ್ರ ಅಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ, ಮುಂದಿನದು ಇನ್ನೂ ಕಹಿಯಾದುದು. ಉಳಿದ ಗುಡ್ಡೆಗಳನ್ನು ತೆಗೆಸಿರೆಂದು ಮಕ್ಕಳನ್ನು ಕಳೆದುಕೊಂಡವರು ಬೇಡಿದರು. ವೆಚ್ಚ ಯಾರದು? ಲೋಕದ ಜನರು ಮರುಕದಿಂದ ಕಳುಹಿಸಿದ್ದ ಪರಿಹಾರನಿಧಿಯಿಂದಲೇ 1,50,000 ಪೌಂಡುಗಳನ್ನು ಆ ಕೆಲಸಕ್ಕೆ ತೆಗೆದುಕೊಂಡರು. ಗುಡ್ಡೆಯನ್ನು ಹಾಕಿದವರ ಸಾಲಕ್ಕೆ ಅದರಡಿಯಲ್ಲಿ ಮಕ್ಕಳನ್ನು ಕಳೆದುಕೊಂಡವರ ದಾನದ ಹಣ. ಆ ಮೊತ್ತವನ್ನು ಸರ್ಕಾರವು ನಿಧಿಗೆ ಹಿಂದಿರುಗಿಸಿದುದು 1997ರಲ್ಲಿ, ಬಡ್ಡಿಯಿಲ್ಲದೆ. ಋಣವನ್ನೂ ದಾನವನ್ನೂ ಒಂದೇ ಚೀಲದಲ್ಲಿ ಹಾಕಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಕನ್ನಡನಾಡಿನ ವಿಷಯ. ಬಳ್ಳಾರಿ, ಸಂಡೂರು, ಹೊಸಪೇಟೆಗಳ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿಗಾಗಿ ನಡೆದ ಅತಿಯಾದ ಅಗೆತವನ್ನು ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 29ರಂದು ತಡೆಹಿಡಿಯಿತು. ಮರುತಿಂಗಳು ಚಿತ್ರದುರ್ಗ ತುಮಕೂರು ಜಿಲ್ಲೆಗಳ ಗಣಿಗಳೂ ನಿಂತವು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದುದನ್ನು ಪತ್ರಿಕೆಗಳನ್ನೋದುವ ಎಲ್ಲರೂ ಬಲ್ಲರು. ಅಷ್ಟಾಗಿ ಲಕ್ಷ್ಯಕ್ಕೆ ಬಾರದ ಸಂಗತಿಯೊಂದು ಅದರಲ್ಲಿದೆ. ಗಡಿಯಾಚೆ ತೋಡಿದ ಗುಂಡಿಯನ್ನು ಅಳೆದಂತೆಯೇ ಗಡಿಯಾಚೆ ಸುರಿದ ಗುಡ್ಡೆಯನ್ನೂ ಅಳೆದರು. ತೆರಬೇಕಾದ ಪರಿಹಾರ, ಅಕ್ರಮ ಗುಂಡಿಗೆ ಹೆಕ್ಟೇರಿಗೆ 5 ಕೋಟಿ ರೂಪಾಯಿ. ಅಕ್ರಮ ಗುಡ್ಡೆಗೆ ಹೆಕ್ಟೇರಿಗೆ 1 ಕೋಟಿ. ಕಸವನ್ನು ನೆರೆಯ ನೆಲದಲ್ಲಿ ಚೆಲ್ಲುವುದು ಆ ನೆಲವನ್ನು ಕದ್ದಂತೆಯೇ ಎಂಬ ತತ್ತ್ವಕ್ಕೆ ಇಲ್ಲಿ ಮನ್ನಣೆ ದೊರೆಯಿತು. ಐದಕ್ಕೆ ಒಂದು ಎಂಬ ಪ್ರಮಾಣ ನ್ಯಾಯವೋ ಎಂಬುದನ್ನು ಗುಡ್ಡೆಯ ಕೆಳಗೆ ಹೊಲವುಳ್ಳವನನ್ನು ಕೇಳಬೇಕು.

ನಿಂತ ಗಣಿಗಳು ಮತ್ತೆ ಬಾಗಿಲು ತೆರೆಯಬೇಕಾದರೆ ಮೊದಲು ನೆಲವನ್ನು ಸರಿಪಡಿಸುವ ಯೋಜನೆಯನ್ನು ನಡೆಸಿ ತೋರಿಸಬೇಕೆಂದು ಕಟ್ಟಳೆಯಾಯಿತು. ಅದರ ವಿವರಗಳು ರೈತಾಪಿ ಗೃಹಸ್ಥರಿಗೆ ಹೊಸವಲ್ಲ, ಹೊಲದ ಬದುವನ್ನು ಕಟ್ಟಿದವರಿಗೆ ಅವೆಲ್ಲ ಪರಿಚಿತವೇ. ಗುಡ್ಡೆಯನ್ನು ಒಂದೇ ಇಳುಕಲಾಗಿ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು. ಒಟ್ಟು ಇಳಿಜಾರು 28 ಡಿಗ್ರಿಗೆ ಮೀರದಂತೆ ತಗ್ಗಿಸುವುದು. ಪ್ರತಿ ಮೆಟ್ಟಿಲನ್ನೂ ಒಳಮುಖವಾಗಿ ಬಾಗಿಸಿ ನೀರು ಅಂಚಿನಿಂದ ಧುಮುಕದಂತೆ ಮಾಡುವುದು. ಬುಡದಲ್ಲಿ ಕಲ್ಲಿನ ಗೋಡೆ. ಸುತ್ತಲೂ ಹಾರದಂತೆ ಕಾಲುವೆ. ಕಾಲುವೆಯ ತುದಿಯಲ್ಲಿ ಹೂಳು ತಂಗುವ ಹೊಂಡ. ಕೆಳಗಿನ ಹಳ್ಳಗಳಿಗೆ ಅಡ್ಡಲಾಗಿ ಸಣ್ಣ ಒಡ್ಡುಗಳು. ಇಳುಕಲಿನ ಮೇಲೆ ತೆಂಗಿನ ನಾರಿನ ಚಾಪೆಯನ್ನು ಹಾಸಿ ಹುಲ್ಲಿನ ಬೀಜವನ್ನು ಬಿತ್ತುತ್ತಾರೆ. ನಾರು ಕೆಲವು ವರ್ಷ ಹನಿಯ ಪೆಟ್ಟನ್ನು ತಾನು ತಿಂದು, ಹುಲ್ಲು ಬೇರುಬಿಟ್ಟ ಮೇಲೆ ಕೊಳೆತು ಗೊಬ್ಬರವಾಗುತ್ತದೆ. ಇದರಷ್ಟು ನಿರಹಂಕಾರವಾದ ಸೇವೆ ಅಪರೂಪ.

ಹುಲ್ಲಿನ ವಿಷಯದಲ್ಲಿ ತುಸು ಹೆಚ್ಚಾಗಿ ಹೇಳಬೇಕಾಗಿದೆ. ಗುಡ್ಡೆಯ ಮೇಲೆ ಸಾಲಾಗಿ ಸಸಿಗಳನ್ನು ನೆಟ್ಟು ಭಾವಚಿತ್ರ ತೆಗೆಸಿಕೊಳ್ಳುವುದು ಎಲ್ಲರಿಗೂ ಪ್ರಿಯ. ಆದರೆ ಬರಿಮಣ್ಣಿನ ಇಳುಕಲಿನಲ್ಲಿ ಮೊದಲು ಬೇಕಾದುದು ಮರವಲ್ಲ, ಹುಲ್ಲು. ಮರದ ಎತ್ತರದ ಎಲೆಯಿಂದ ತೊಟ್ಟಿಕ್ಕುವ ದಪ್ಪಹನಿಯು ಕೆಳಗೆ ಹುಲ್ಲಿಲ್ಲದಿದ್ದರೆ ಮಣ್ಣನ್ನು ಇನ್ನೂ ಬಲವಾಗಿ ಕುಟ್ಟುತ್ತದೆ. ಹುಲ್ಲು ಮಣ್ಣಿಗೆ ತಬ್ಬಿಕೊಂಡಿರುತ್ತದೆ. ಬೇರನ್ನು ತೆರೆಗೂ ಸುಗಂಧಕ್ಕೂ ಬಳಸುವ ಲಾವಂಚವು ಈ ಕೆಲಸದಲ್ಲಿ ಅಗ್ರಗಣ್ಯ. ಅದರ ಬೇರು ಅಡ್ಡಲಾಗಿ ಹರಡದೆ ನೇರವಾಗಿ ಎರಡು ಮೂರು ಮೀಟರ್ ಇಳಿಯುತ್ತದೆ. ಒತ್ತಾಗಿ ನೆಟ್ಟ ಸಾಲು ಹರಿವ ನೀರನ್ನು ಸೋಸಿ ಮಣ್ಣನ್ನು ಹಿಡಿದಿಡುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಭೂಸವೆತಕ್ಕೆ ಅಗ್ಗದ ಉಪಾಯವನ್ನು ಹುಡುಕುತ್ತಿದ್ದಾಗ ಗುಂಡ್ಲುಪೇಟೆಯ ಕಡೆಯ ರೈತರು ತಲೆತಲಾಂತರದಿಂದ ಹೊಲದ ಬದುಗಳಲ್ಲಿ ಲಾವಂಚವನ್ನು ನೆಟ್ಟುಕೊಂಡು ಬಂದುದನ್ನು ಕಂಡರು. ಇಂದು ಚೀನಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಗಳ ಗಣಿಗುಡ್ಡೆಗಳಲ್ಲಿಯೂ ಆ ಹುಲ್ಲುಂಟು. ಮನೆಯ ಹಿತ್ತಲಿನ ಮದ್ದನ್ನು ಊರಿನವರು ಕಡೆಗಣಿಸುವುದು ಹಳೆಯ ಅಭ್ಯಾಸ.

2020ರ ಜನವರಿ 8ರಂದು ಸರ್ವೋಚ್ಚ ನ್ಯಾಯಾಲಯವು ಇನ್ನೊಂದು ಮಾತನ್ನು ಹೇಳಿತು. ಗಣಿಗಾರಿಕೆ ಮುಗಿದ ಮೇಲೆ ಆ ನೆಲದಲ್ಲಿ ಮರಳಿ ಹುಲ್ಲು ಬೆಳೆಸಿ, ಮೇವಿಗೂ ಪ್ರಾಣಿಗಳ ಬಾಳಿಗೂ ತಕ್ಕಂತೆ ಮಾಡಿಕೊಡುವುದನ್ನು ಗುತ್ತಿಗೆಯ ಷರತ್ತಾಗಿ ಸೇರಿಸಬೇಕು. ಗುತ್ತಿಗೆಯಲ್ಲಿ ಸಹಿ ಹಾಕದ, ಲೆಕ್ಕದಲ್ಲಿ ಹೆಸರಿಲ್ಲದ ಹಸುಕುರಿಗಳೂ ಆ ನೆಲದ ಹಕ್ಕುದಾರರೆಂದು ಇದರಿಂದ ಒಪ್ಪಿದಂತಾಯಿತು. ಸಕಲ ಜೀವಿಗಳಿಗೆ ಲೇಸನ್ನು ಬಯಸುವವರಿಗೆ ಇದು ಅಪರಿಚಿತ ಭಾಷೆಯಲ್ಲ.

ಸತ್ಯಕ್ಕೆ ಅಪಚಾರವಾಗದಂತೆ ಒಂದನ್ನು ಸೇರಿಸುವುದು ಅವಶ್ಯ. 1953ರಲ್ಲಿ ಸಿದ್ಧವಾದ ತುಂಗಭದ್ರಾ ಜಲಾಶಯವು ಆಗ ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿದ್ದುದು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಇಷ್ಟೂ ಗಣಿಯ ಪಾಪವೆಂದು ಹೇಳುವವರುಂಟು, ಅದು ಸರಿಯಲ್ಲ. ಕಾಡು ಕಡಿದವರ, ಇಳುಕಲನ್ನು ಅಡ್ಡಾದಿಡ್ಡಿ ಉತ್ತವರ ಪಾಲೂ ಅದರಲ್ಲಿದೆ. ಗಣಿಯವನನ್ನು ದೂಷಿಸುವ ರೈತನು ತನ್ನ ಬದುವನ್ನೂ ನೋಡಿಕೊಳ್ಳಬೇಕಾಗುತ್ತದೆ.

ಎರಡನೆಯ ಪೂರ್ವಪಕ್ಷ ಕಾಲವನ್ನು ಕುರಿತದ್ದು. ಮಾಡಿದವನು ಹೋದ ಮೇಲೆ ಋಣವೆಲ್ಲಿಯದು? ಕೋಲಾರದ ಚಿನ್ನದ ಗಣಿಗಳನ್ನು ಜಾನ್ ಟೇಲರ್ ಕಂಪನಿಯವರು 1880ರಲ್ಲಿ ಕೈಗೆತ್ತಿಕೊಂಡರು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ, ಆಮೇಲೆ ಕೇಂದ್ರಕ್ಕೆ ಬಂದವು. 2001ರ ಫೆಬ್ರವರಿ 28ರಂದು ಮುಚ್ಚಿದವು. ಕಲ್ಲನ್ನು ಹಿಟ್ಟುಮಾಡಿ ಸಯನೈಡಿನ ದ್ರಾವಣದಲ್ಲಿ ತೊಳೆದುಳಿದ ಮೂರು ಕೋಟಿ ಟನ್ನಿಗೂ ಮಿಕ್ಕಿದ ಹುಡಿಯು 13 ದಿಬ್ಬಗಳಾಗಿ ಅಲ್ಲಿ ನಿಂತಿದೆ. ಬೇಸಗೆಯ ಗಾಳಿ ಅದನ್ನು ಮನೆಯೊಳಕ್ಕೆ ತರುತ್ತದೆ. ಮಳೆ ಅದನ್ನು ಕೆರೆಗೆ ಒಯ್ಯುತ್ತದೆ. ಚಲಚ್ಚಿತ್ರದ ಹಾಡುಗಳಲ್ಲಿ ಆ ದಿಬ್ಬಗಳು ಬಹು ಸುಂದರವಾಗಿ ಕಾಣುತ್ತವೆ. ಚಿನ್ನವನ್ನು ಕೊಂಡವರು ಸಮುದ್ರದಾಚೆಗೂ ಹರಡಿಹೋದರು. ಹುಡಿಯನ್ನು ಪಡೆದವರು ನೆಲದಡಿ ಮೂರು ಕಿಲೋಮೀಟರಿಗೂ ಕೆಳಗಿಳಿದು ದುಡಿದ ಕೆಲಸಗಾರರ ಮಕ್ಕಳು. ಆ ದಿಬ್ಬಗಳಲ್ಲಿ ಇನ್ನೂ ಉಳಿದಿರುವ ಚಿನ್ನಕ್ಕಾಗಿ ಅವನ್ನು ಮರಳಿ ಸಂಸ್ಕರಿಸಲು 2024ರಲ್ಲಿ ರಾಜ್ಯದ ಮಂತ್ರಿಮಂಡಲವು ಸಮ್ಮತಿಸಿತು. ಇದು ಒಳ್ಳೆಯದೇ ಆಗಬಹುದು. ಸಂಸ್ಕರಿಸಿದ ಮೇಲೂ ಗ್ರಾಂಗಳಷ್ಟೇ ಕಡಿಮೆಯಾಗಿ ಟನ್ನುಗಳು ಹಾಗೆಯೇ ಉಳಿಯುತ್ತವಾದುದರಿಂದ, ಹುಡಿಯನ್ನು ಎರಡನೆಯ ಸಾರಿ ಎಲ್ಲಿ, ಹೇಗೆ ನಿಲ್ಲಿಸುವರೆಂಬ ಪ್ರಶ್ನೆಯನ್ನು ಚಿನ್ನದ ಪ್ರಶ್ನೆಗಿಂತ ಮೊದಲು ಕೇಳಬೇಕಾಗುತ್ತದೆ.

ಕುದುರೆಮುಖದಲ್ಲಿಯೂ ಹೀಗೆಯೇ. ಅಲ್ಲಿನ ಗಣಿ 2005ರ ಕೊನೆಗೆ ನಿಂತಿತು. ಅದಿರನ್ನು ತೊಳೆದ ಕೆಸರನ್ನು ತಡೆದಿರುವ ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟು ನಿಲ್ಲುವಂತಿಲ್ಲ, ಅದು ಕಾಯುತ್ತಲೇ ಇರಬೇಕು. ಹೊಸ ಗಣಿಗುತ್ತಿಗೆಗೆ ಕಾಯಿದೆಯಲ್ಲಿ 50 ವರ್ಷದ ಅವಧಿಯುಂಟು. ಗುಡ್ಡೆಗೆ ಅವಧಿಯಿಲ್ಲ. ಹೀಗಿರಲು, ಮಾಡಿದವನು ಹೋಗುವನೆಂಬುದು ಋಣವನ್ನು ಬಿಡುವುದಕ್ಕೆ ಕಾರಣವಲ್ಲ, ಅವನು ಇರುವಾಗಲೇ ವಸೂಲುಮಾಡಿಕೊಳ್ಳುವುದಕ್ಕೆ ಕಾರಣ. ಪ್ರತಿವರ್ಷದ ಮಣ್ಣನ್ನು ಪ್ರತಿವರ್ಷವೇ ಮಟ್ಟಸಮಾಡಿ ಹುಲ್ಲು ಹೊದಿಸಿದರೆ ಸಾಲ ಬೆಳೆಯುವುದಿಲ್ಲ. ಕಡೆಗೆ ಒಮ್ಮೆಗೇ ಮಾಡುವೆನೆಂಬವನು ಸಾಮಾನ್ಯವಾಗಿ ಕಡೆಯಲ್ಲಿ ಇರುವುದಿಲ್ಲ.

ಮೂರನೆಯ ಆಕ್ಷೇಪ ಗೃಹಸ್ಥನ ಮೇಲೆಯೇ ಬರುತ್ತದೆ. ನೇಗಿಲ ಗುಳದಿಂದ ಮನೆಯ ತೊಲೆಯವರೆಗೆ ಕಬ್ಬಿಣ ಬೇಕು. ಮದುವೆಗೆ ಚಿನ್ನ ಬೇಕು. ಗಣಿಯನ್ನು ನಿಂದಿಸುವ ಹಕ್ಕು ಯಾರಿಗಿದೆ? ಈ ಆಕ್ಷೇಪಕ್ಕೆ ಬಲವಿದೆ. ಕಬ್ಬಿಣವನ್ನು ತ್ಯಜಿಸುವುದು ಉತ್ತರವಲ್ಲ, ಆಗುವ ಮಾತೂ ಅಲ್ಲ. ಆದರೆ ಗುಡ್ಡೆಯನ್ನು ಕಾಪಾಡುವ ವೆಚ್ಚವು ಅದಿರಿನ ಬೆಲೆಯಲ್ಲಿ ಸೇರದಿದ್ದರೆ ಆ ಅಗ್ಗದ ಕಬ್ಬಿಣದ ಉಳಿದ ಬೆಲೆಯನ್ನು ಕೆಳಗಿನ ಹೊಲದವನು ತೆತ್ತಿರುತ್ತಾನೆ. ಬೆಲೆ ಏರೀತೆಂಬ ಗೊಣಗಾಟವನ್ನು ಬಿಟ್ಟು ಅದನ್ನು ತೆರಲು ಒಪ್ಪುವುದು ಕೊಳ್ಳುವವನ ಪಾಲಿನ ಕರ್ತವ್ಯ. ಇನ್ನೊಂದು ಸೂಕ್ಷ್ಮವಿದೆ. ಗಣಿಯಿಂದ ಬಂದ ಸಂಪತ್ತಿನಿಂದ ಊರಿಗೆ ಕಲ್ಯಾಣಮಂಟಪ, ಗುಡಿಗೆ ಗೋಪುರ, ಮಠಕ್ಕೆ ಕಾಣಿಕೆ ಬರುವುದುಂಟು. ಋಣವನ್ನು ತೀರಿಸಿ ಮಿಕ್ಕುದನ್ನು ಕೊಟ್ಟರೆ ಅದು ದಾಸೋಹ. ಹಳ್ಳದಲ್ಲಿ ಮಣ್ಣು ಹರಿಯುತ್ತಿರುವಾಗಲೇ ಗೋಪುರಕ್ಕೆ ಕಳಸವಿಟ್ಟರೆ ಕೊಟ್ಟುದು ಇನ್ನೊಬ್ಬರ ಸೊತ್ತಾಗುತ್ತದೆ. ಕೊಡುವವನನ್ನು ಈ ಪ್ರಶ್ನೆ ಕೇಳುವ ಭಾರ ತೆಗೆದುಕೊಳ್ಳುವ ಕೈಯ ಮೇಲೆಯೂ ಇದೆ. ಕಾಣಿಕೆಯ ಪೆಟ್ಟಿಗೆಗೆ ಬಾಯಿಯಿದ್ದರೂ ಅದು ಪ್ರಶ್ನೆ ಕೇಳದು, ಕೇಳಬೇಕಾದವರು ಮನುಷ್ಯರು.

ದೊಡ್ಡ ಗಣಿಗಳ ಮಾತು ಇಷ್ಟಾಯಿತು. ಊರೂರಿನಲ್ಲಿ ಜಲ್ಲಿಕಲ್ಲಿಗೆ, ಗ್ರಾನೈಟಿಗೆ, ಇಟ್ಟಿಗೆಯ ಮಣ್ಣಿಗೆ ಸ್ವಂತ ಹೊಲವನ್ನು ಗುತ್ತಿಗೆಗೆ ಕೊಡುವ ಗೃಹಸ್ಥರು ಈಗ ಬಹಳ. ಕರಾರುಪತ್ರದಲ್ಲಿ ಹಣದ ಕಂತುಗಳನ್ನು ಎರಡೆರಡು ಸಲ ಓದಿ ನೋಡುತ್ತಾರೆ; ಮೇಲ್ಮಣ್ಣಿನ ಮಾತು ಅದರಲ್ಲಿ ಇರುವುದೇ ಇಲ್ಲ. ದೊಡ್ಡ ಗಣಿಗಳಿಗೆ ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿರಿಸಿ ನೆಲವನ್ನು ಸರಿಪಡಿಸಲು ಬಳಸಬೇಕೆಂಬ ನಿಯಮ 1988ರಿಂದಲೇ ಇದೆ. ಅದೇ ನಿಯಮವನ್ನು ಹೊಲದೊಡೆಯನು ತನ್ನ ಕರಾರಿನಲ್ಲಿ ತಾನೇ ಬರೆಸಿಕೊಳ್ಳಬಹುದು. ಮೊದಲ ಒಂದೆರಡು ಅಡಿ ಮಣ್ಣನ್ನು ಪ್ರತ್ಯೇಕವಾಗಿ, ಎತ್ತರವಾಗಿ ಪೇರಿಸದೆ ತಗ್ಗಾಗಿ ಹರಡಿ ಇಡಬೇಕು, ಏಕೆಂದರೆ ಎತ್ತರದ ರಾಶಿಯ ಒಳಗಿನ ಮಣ್ಣು ಗಾಳಿಯಿಲ್ಲದೆ ಸಾಯುತ್ತದೆ. ಅದರ ಮೇಲೆ ಹುರುಳಿಯನ್ನೋ ಸೆಣಬನ್ನೋ ಬಿತ್ತಬೇಕು. ತ್ಯಾಜ್ಯವನ್ನು ನೀರಿಳಿಯುವ ದಾರಿಯಲ್ಲಿ ಸುರಿಯಕೂಡದು. ಸುರಿದುದರ ಬುಡಕ್ಕೆ ಕಲ್ಲೊಡ್ಡು, ಮೈಗೆ ಲಾವಂಚದ ಸಾಲು ಮುಂಗಾರಿಗೆ ಮೊದಲೇ ಆಗಬೇಕು. ಕಡೆಯ ಕಂತಿನ ಹಣವನ್ನು ಇವೆಲ್ಲ ಆದ ಮೇಲೆಯೇ ಚುಕ್ತಾ ಮಾಡತಕ್ಕದ್ದೆಂದು ಬರೆಸಿ, ಕೆಳಗಿನ ಹೊಲದವನ ರುಜುವನ್ನು ಸಾಕ್ಷಿಯಾಗಿ ಹಾಕಿಸಿಕೊಳ್ಳುವುದು ಯುಕ್ತ.